ಕೌದಿಯ ಮೂವತ್ತೊಂದು ಹೆಸರು

ವೃಂದಾಳ ಕೈಯಲ್ಲಿ ಇನ್ನು ಹನ್ನೊಂದೇ ದಿನ ಉಳಿದಿದ್ದವು. ಹನ್ನೊಂದನೆಯ ದಿನ ಸಂಜೆ ಐದರೊಳಗೆ ಪಿಎಚ್.ಡಿ. ಪ್ರಬಂಧ ವಿಶ್ವವಿದ್ಯಾಲಯದ ಮೇಜಿನ ಮೇಲೆ ಬೀಳದಿದ್ದರೆ ಅವಳ ನೋಂದಣಿ ರದ್ದು. ಆರು ವರ್ಷ ಮಣ್ಣುಪಾಲು. ಮತ್ತೆ ಪ್ರವೇಶ ಪರೀಕ್ಷೆ, ಮತ್ತೆ ಸಂದರ್ಶನ, ಮತ್ತೆ ಓನಾಮದಿಂದ ಶುರು. ಒಂದು ಸಲ ಅವಧಿ ಹೆಚ್ಚಿಸಿ ಕೊಟ್ಟಾಗಿತ್ತು. ಎರಡನೆಯ ಸಲ ಕೊಡುವ ಪದ್ಧತಿಯೇ ಇರಲಿಲ್ಲ.

ಹಾಗಂತ, ಮುಂದೆ ಹೇಳಲಿರುವ ಆ ಸಭೆಯ ದಿನ ಬೆಳಿಗ್ಗೆ ಅವಳೇನು ಚಿಂತೆ ಮಾಡುತ್ತ ಕೂತಿರಲಿಲ್ಲ. ಚಿಂತೆ ಮಾಡುವಂಥದ್ದು ಏನಿತ್ತು? ಪ್ರಬಂಧ ಮುಗಿದಿತ್ತು. ಮುನ್ನೂರ ನಲವತ್ತು ಪುಟ, ಎಪ್ಪತ್ತು ಬಣ್ಣದ ಚಿತ್ರ. ಬೈಂಡಿಂಗಿಗೆ ಕೊಡುವುದೊಂದೇ ಬಾಕಿ. ಶಿಗ್ಗಾವಿಯ ಮನೆಯಲ್ಲಿ ಅವಳ ಅವ್ವ ಆಗಲೇ ಯಾರ್ಯಾರನ್ನು ಊಟಕ್ಕೆ ಕರೆಯಬೇಕು ಎಂಬಲ್ಲಿಗೆ ಬಂದಿದ್ದಳು.

ಅವಳ ವಿಷಯ ಕೌದಿ. ಹಳೆಯ ಸೀರೆ, ಧೋತರ, ಲಂಗ, ಅಂಗಿ ಎಲ್ಲವನ್ನೂ ಕತ್ತರಿಸಿ, ಪದರದ ಮೇಲೆ ಪದರ ಇಟ್ಟು ಕೈಯಿಂದ ಹೊಲಿದ ಆ ದಪ್ಪ ಹೊದಿಕೆ ನಮ್ಮ ಕಡೆ ಯಾರ ಮನೆಯಲ್ಲಿ ಇಲ್ಲ ಹೇಳಿ? ಎಲ್ಲರೂ ಅದನ್ನು ಹೊದ್ದು ಬೆಳೆದವರೇ, ಅದರ ಕಡೆ ಕಣ್ಣಿಟ್ಟು ನೋಡಿದವರು ಮಾತ್ರ ಒಬ್ಬರೂ ಇಲ್ಲ. ವೃಂದಾ ನೋಡಿದಳು. ಮೇಲಿನ ತುಂಡುಗಳನ್ನು ಒಂದು ಕಡೆ ಮೂರು ಮೂಲೆಯ ಮುಕ್ಕೋನೆಯಾಗಿ ಜೋಡಿಸಿರುತ್ತಾರೆ, ಇನ್ನೊಂದು ಕಡೆ ಚೌಕದೊಳಗೆ ಚೌಕ, ಮತ್ತೊಂದು ಕಡೆ ಏಣಿಯಂತೆ. ಒಂದೊಂದು ಬಗೆಗೂ ಒಂದೊಂದು ಹೆಸರು ಇರಲೇಬೇಕು ಅಂತ ಅವಳಿಗೆ ಅನ್ನಿಸಿತು. ಇರಲೇಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಹುಡುಕಲು ಹೊರಡುವವರನ್ನು ದೇವರೇ ಕಾಪಾಡಬೇಕು.

ಹೆಸರುಗಳು ಸಿಕ್ಕಿದ್ದು ಸವಣೂರಿನಲ್ಲಿ, ಅಖ್ತರುನ್ನೀಸಾ ಎಂಬ ಮುದುಕಿಯ ಹತ್ತಿರ. ಎಂಬತ್ತಕ್ಕೆ ಒಂದೆರಡು ಕಡಿಮೆ ವಯಸ್ಸು, ಮಗ ಇನಾಯತನದು ವೀಳ್ಯದೆಲೆ ವ್ಯಾಪಾರ. ಓಣಿಯವರೆಲ್ಲ ದಾದಿಮಾ ಅನ್ನುತ್ತಿದ್ದರು, ವೃಂದಾಳೂ ಹಾಗೇ ಅಂದಳು. ಮೂರು ಬೇಸಿಗೆ ಅವಳು ಆ ಮನೆಗೆ ಎಡತಾಕಿದಳು. ಒಂದೊಂದು ಸಲಕ್ಕೂ ದಾದಿಮಾ ಹಾಸಿದ ಕೌದಿಯ ಮೇಲೆ ಬೆರಳಿಟ್ಟು ಒಂದೆರಡು ಹೆಸರು ಹೇಳಿ ಕಳಿಸುತ್ತಿದ್ದರು. ಮುಕ್ಕೋನೆಗೆ ಗುಲ್‌ಬದನ್. ಚೌಕದೊಳಗಿನ ಚೌಕಕ್ಕೆ ಬಾರಾ ದರವಾಜಾ. ಅಂಚಿನ ಚಿಕ್ಕ ಪಟ್ಟಿಗೆ ಮಾಮಾನ ಜೇಬು. ಹೀಗೆ ಮೂವತ್ತೊಂದು ಹೆಸರಾದವು. ಪ್ರತಿ ಸಲ ಮನೆಗೆ ಬರುವಾಗ ವೃಂದಾಳ ಕಾಲು ನೆಲದ ಮೇಲೆ ಇರುತ್ತಿರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಅದೊಂದು ಮುದುಕಿಯ ಜ್ಞಾಪಕ ಎಂದಾಗುತ್ತಿತ್ತು. ವೃಂದಾ ಆ ಪಟ್ಟಿ ಹಿಡಿದುಕೊಂಡು ಊರೂರು ತಿರುಗಿದಳು. ಶಿಗ್ಗಾವಿ ತಾಲ್ಲೂಕಿನ ತಡಸ, ದುಂಡಸಿ, ಆಮೇಲೆ ಹಾನಗಲ್ಲಿನ ಹಳ್ಳಿಗಳು, ಕೊನೆಗೆ ಹಿರೇಕೆರೂರು ಕಡೆಯ ಚಿಕ್ಕೇರೂರು. ಏನಾಶ್ಚರ್ಯ, ಎಲ್ಲ ಕಡೆಯೂ ಅದೇ ಹೆಸರು! ಲಿಂಗಾಯತರ ಓಣಿಯಲ್ಲೂ ಗುಲ್‌ಬದನ್, ಕುರುಬರ ಓಣಿಯಲ್ಲೂ ಗುಲ್‌ಬದನ್. ನಾಲ್ಕು ತಾಲ್ಲೂಕಿನ ಹೆಣ್ಣುಮಕ್ಕಳು, ಜಾತಿ ಧರ್ಮದ ಬೇಲಿ ದಾಟಿ, ಯಾರಿಗೂ ಗೊತ್ತಿಲ್ಲದಂತೆ ನೂರಾರು ವರ್ಷ ಒಂದೇ ಭಾಷೆ ಆಡಿಕೊಂಡು ಬಂದಿದ್ದಾರೆ. ಪ್ರಬಂಧದ ಜೀವಾಳ ಇದೇ. ಇದನ್ನು ತೆಗೆದರೆ ಉಳಿಯುವುದು ಚಿತ್ರಗಳು ಮಾತ್ರ.

ಮಾರ್ಗದರ್ಶಕ ಮಧ್ವೇಶ ಸರ್ ಹಿಗ್ಗಿ ಹೀರೇಕಾಯಿ ಆಗಿದ್ದರು. ವೃಂದಾಳ ಮನೆತನದಂತೆಯೇ ಅವರದೂ ಶಾಸ್ತ್ರ ಓದಿದ ವೈಷ್ಣವ ಮನೆತನ, ಮಾತಿನ ಬೇರು ಹಿಡಿದು ಜಗ್ಗುವುದರಲ್ಲಿ ಎತ್ತಿದ ಕೈ. ಗುಲ್‌ಬದನ್ ಎಂಬ ಒಂದು ಹೆಸರಿನ ಮೇಲೆ ಎಂಟು ಪುಟದ ಲೇಖನ ಬರೆದಿದ್ದರು. ಹೂವಿನಂಥ ಮೈ ಎಂಬ ಪಾರಸಿ ಮೂಲ, ನವಾಬರ ಜನಾನಾ, ಅಲ್ಲಿಂದ ಹಳ್ಳಿಯ ಪಡಸಾಲೆಗೆ ಅದು ಇಳಿದು ಬಂದ ದಾರಿ, ಎಲ್ಲ ಅದರಲ್ಲಿತ್ತು. ಮೂರು ವಿಚಾರ ಸಂಕಿರಣದಲ್ಲಿ ಓದಿ ಚಪ್ಪಾಳೆ ಗಿಟ್ಟಿಸಿದ್ದರು.

ಇನ್ನು ಆ ಸಭೆಯ ಕಥೆ. ಹಾನಗಲ್ಲಿನ ಹೊರವಲಯದಲ್ಲಿರುವ ಆ ಸ್ನಾತಕೋತ್ತರ ಕೇಂದ್ರದಲ್ಲಿ ಸಂಶೋಧಕರ ನೆರವು ಕೋಶ ಅಂತ ಒಂದಿತ್ತು. ಮೊದಲು ಅದು ಒಂದು ಕಪಾಟು, ಒಂದು ಫಲಕ, ಅಷ್ಟೆ. ಶಾಮಲಾ ಮೇಡಂ ಅದರ ಮುಖ್ಯಸ್ಥೆಯಾಗಿ ಬಂದ ಮೇಲೆ ಅದಕ್ಕೆ ಜೀವ ಬಂತು. ಬುಧವಾರಕ್ಕೊಮ್ಮೆ ಚಹಾದ ಜೊತೆ ಯಾರಾದರೊಬ್ಬ ವಿದ್ಯಾರ್ಥಿ ತನ್ನ ಕೆಲಸ ಹೇಳಬೇಕು. ಬರವಣಿಗೆ ನಿಂತು ಹೋದವರಿಗೆ ಮೂರು ದಿನದ ಶಿಬಿರ. ಕೂಸು ಕಟ್ಟಿಕೊಂಡು ಬರುವ ಹೆಣ್ಣುಮಕ್ಕಳಿಗೆ ಒಂದು ಬೇರೆ ಕೋಣೆ. ಇದೆಲ್ಲದರ ಮೇಲೆ ಅವರದೇ ಒಂದು ಹಟ, ಒಪ್ಪಿಸುವ ಸಭೆ.

ಜನರಿಂದ ಮಾಹಿತಿ ಪಡೆದವರು, ಪ್ರಬಂಧ ಸಲ್ಲಿಸುವ ಮೊದಲು ಅದೇ ಜನರನ್ನು ಕರೆಸಿ ಕೂರಿಸಿ, ನಿಮ್ಮ ಬಗ್ಗೆ ಹೀಗೆ ಬರೆದಿದ್ದೇನೆ ಅಂತ ಒಪ್ಪಿಸಬೇಕು. ಸಭೆಯಲ್ಲಿ ನಡೆದದ್ದನ್ನು ವಿದ್ಯಾರ್ಥಿಯೇ ತನ್ನ ಕೈಯಿಂದ ಒಂದು ಹಾಳೆಯ ಮೇಲೆ ಬರೆದು, ಮುಖ್ಯ ಮಾಹಿತಿ ಕೊಟ್ಟವರ ಮನೆಗೆ ಹೋಗಿ ಓದಿ ಹೇಳಿ, ಅವರ ಸಹಿಯನ್ನೋ ಹೆಬ್ಬೆಟ್ಟನ್ನೋ ತರಬೇಕು. ಆ ಹಾಳೆ ಬಂದರೇ ಕೋಶದ ಮುದ್ರೆ, ಮುದ್ರೆ ಇದ್ದರೇ ಪ್ರಬಂಧ ಒಳಗೆ ಹೋಗುವುದು. ಮಧ್ವೇಶ ಸರ್ ಇದಕ್ಕೆ ಶಾಮಲಾಬಾಯಿಯ ಅರಿಶಿಣ-ಕುಂಕುಮ ಅಂತ ಹೆಸರಿಟ್ಟಿದ್ದರು. ಕರೆಯುವುದು, ಕೂರಿಸುವುದು, ಕೈಗೆ ಏನೋ ಕೊಟ್ಟು ಕಳಿಸುವುದು. ಬಂದವರು ಚಲೋ ಬರದೀರಿ ಅನ್ನುತ್ತಿದ್ದರು, ಚಹಾ ಕುಡಿಯುತ್ತಿದ್ದರು, ಬಸ್ಸು ಹಿಡಿಯುತ್ತಿದ್ದರು.

ವೃಂದಾಳದು ಇಪ್ಪತ್ತನೆಯ ಸಭೆ. ನಾಲ್ಕು ತಾಲ್ಲೂಕಿನಿಂದ ಇಪ್ಪತ್ತಾರು ಹೆಣ್ಣುಮಕ್ಕಳು ತಮ್ಮ ತಮ್ಮ ಕೌದಿ ಹೊತ್ತುಕೊಂಡು ಬಂದರು. ಸಭಾಂಗಣದ ಉದ್ದಕ್ಕೂ ಹಗ್ಗ ಕಟ್ಟಿ ಅವನ್ನು ಹರವಿದ್ದರು. ಹುಡುಗರು, ಅಧ್ಯಾಪಕರು ಎಲ್ಲ ಸೇರಿ ಹಾಲ್ ತುಂಬಿತ್ತು. ವೃಂದಾ ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸುತ್ತ, ಹೆಸರು ಹೇಳುತ್ತ, ನಾಲ್ಕು ತಾಲ್ಲೂಕಿನ ನಕಾಶೆಯ ಮೇಲೆ ಒಂದೇ ಬಣ್ಣ ಹಬ್ಬುವುದನ್ನು ತೋರಿಸಿದಳು. ಚೆನ್ನಾಗಿಯೇ ಹೇಳಿದಳು ಬಿಡಿ. ಅವಳ ಧ್ವನಿ ಒಂದೆರಡು ಕಡೆ ಗದ್ಗದವೂ ಆಯಿತು.

ಆಮೇಲೆ ಅಖ್ತರುನ್ನೀಸಾ ಅವರಿಗೆ ಶಾಲು ಹೊದಿಸಿದರು. ಮುದುಕಿ ಶಾಲಿನೊಳಗೆ ಕುಗ್ಗಿ ಕೂತಿದ್ದರು. ಶಾಮಲಾ ಮೇಡಂ ಬಗ್ಗಿ, ಎರಡು ಮಾತು ಆಡ್ರಿ ಅಂತ ಮೈಕು ಹಿಡಿದರು. ಪ್ರತಿ ಸಭೆಯಲ್ಲೂ ಹಿಡಿಯುತ್ತಿದ್ದರು. ಎಲ್ಲರೂ ಖುಷಿ ಆತ್ರಿ ಅಂದು ಬಿಡುತ್ತಿದ್ದರು. ಅಖ್ತರುನ್ನೀಸಾ ಮೈಕನ್ನು ಬಿಟ್ಟು ವೃಂದಾಳ ಮುಖ ನೋಡಿದರು.

“ಬೇಟಿ, ಇದೆಲ್ಲಾ ಪುಸ್ತಕದಾಗ ಹೋಗತೈತೇನು? ಸರ್ಕಾರದ್ದು?”

ಹೌದು ದಾದಿಮಾ, ನಿಮ್ಮ ಹೆಸರೇ ಮೊದಲ ಪುಟದಲ್ಲಿ ಇರುತ್ತದೆ ಅಂತ ವೃಂದಾ ನಕ್ಕಳು.

ಮುದುಕಿಯ ಮುಖ ಬಿಳಿಚಿತು. “ಹಂಗಾರ ಹೇಳಬೇಕಾತು. ನಾಳೆ ಅಲ್ಲಾನ ಮುಂದ ನಾ ಜವಾಬು ಕೊಡಬೇಕು. ಸಿಟ್ಟಾಗಬ್ಯಾಡ ಬೇಟಿ. ಈ ಹೆಸರು ಒಂದೂ ಇಲ್ಲ. ಎಲ್ಲಾ ನಾನ ಹುಟ್ಟಿಸಿ ಹೇಳೇನಿ.”

ಮೈಕಿನಲ್ಲಿ ಅದು ಹಾಲಿನ ಮೂಲೆಮೂಲೆಗೂ ಕೇಳಿತು. ಮುದುಕಿ ತಮಾಷೆ ಮಾಡುತ್ತಿದ್ದಾರೆ ಅಂತ ಹಿಂದಿನ ಸಾಲಿನ ಹುಡುಗರು ನಕ್ಕರು. ವೃಂದಾಳೂ ನಕ್ಕಳು. ಅವಳ ತುಟಿ ನಗುವಿನಲ್ಲೇ ಅಂಟಿಕೊಂಡು ಉಳಿಯಿತು, ಯಾಕೆಂದರೆ ಅಖ್ತರುನ್ನೀಸಾ ನಗುತ್ತಿರಲಿಲ್ಲ.

ಗುಲ್‌ಬದನ್ ಅಂದರೆ ತಮ್ಮ ಮನೆಯ ಮೇಕೆ ಅಂತ ಅವರು ಹೇಳಿದರು. ಹುಡುಗಿ ಕೇಳಿದ ಹೊತ್ತಿಗೆ ಅದು ಎದುರಿಗೇ ನಿಂತು ಎಲೆ ಜಗಿಯುತ್ತಿತ್ತಂತೆ. ಬಾರಾ ದರವಾಜಾ ತಮ್ಮ ತವರಿನಲ್ಲಿ ಒಂದು ದೊಡ್ಡ ಮನೆಯನ್ನು ಜನ ಕರೆಯುತ್ತಿದ್ದ ಹೆಸರು. ಮಾಮಾನ ಜೇಬಿಗೆ ಅದೂ ಇಲ್ಲ, ಇದೂ ಇಲ್ಲ, ಬಾಯಿಗೆ ಬಂದದ್ದು. ಮೇಕೆಯ ಮಾತಿಗೆ ಇಡೀ ಹಾಲ್ ಗೊಳ್ಳೆಂದಿತು. ಮಧ್ವೇಶ ಸರ್ ಮುಂದಿನ ಸಾಲಿನಲ್ಲಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು, ಒರೆಸುತ್ತಿರಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದರು.

ಹಾಗ್ಯಾಕೆ ಮಾಡಿದಿರಿ ಅಂತ ಶಾಮಲಾ ಮೇಡಂ ಮೆಲ್ಲಗೆ ಕೇಳಿದರು.

“ಮೊದಲನೇ ದಿನ ನಾ ಖರೇನ ಹೇಳಿದ್ನೆವ್ವಾ. ಹೆಸರು ಗಿಸರು ಏನಿಲ್ಲ, ಕೌದಿಗೆ ಕೌದಿ ಅಂತೇವಿ ಅಂದೆ. ಹುಡುಗಿ ಮಾರಿ ಇಷ್ಟು ಸಣ್ಣದಾತು. ಸುಡೋ ಬಿಸಿಲಾಗ ಎರಡು ಬಸ್ ಹತ್ತಿ ಇಳಿದು ಬಂದಿತ್ತು. ಬಾಗಿಲಿಗೆ ಬಂದು ಕೇಳಿದವರನ್ನ ನಮ್ಮ ಮನ್ಯಾಗ ಬರಿಗೈಲೆ ಕಳಿಸಿದ್ದಿಲ್ಲ. ನಮ್ಮತ್ತಿ ನನಗ ಕಲಿಸಿದ್ದು ಅದೊಂದ. ನನ್ನ ಹತ್ರ ಕೊಡಾಕ ಏನಿತ್ತು? ಹೆಸರು ಕೊಟ್ಟೆ.”

ಆ ಮೊದಲನೇ ದಿನ ವೃಂದಾಳಿಗೆ ನೆನಪಿತ್ತು. ಮುದುಕಿ ಏನಿಲ್ಲ ಅಂದದ್ದೂ ನೆನಪಿತ್ತು. ಮಾಹಿತಿದಾರರು ಇನ್ನೂ ಮನಸ್ಸು ಬಿಚ್ಚಿಲ್ಲ ಅಂತ ಟಿಪ್ಪಣಿ ಮಾಡಿಕೊಂಡು ಅವಳು ಪುಟ ತಿರುವಿದ್ದಳು. ಆರು ವರ್ಷದ ಕೆಲಸಕ್ಕೆ ಸರಿಯಾದ ಉತ್ತರ ಮೊದಲ ಅರ್ಧ ಗಂಟೆಯಲ್ಲೇ ಸಿಕ್ಕಿತ್ತು, ಅವಳು ಅದನ್ನು ಉತ್ತರ ಅಂತಲೇ ಎಣಿಸಿರಲಿಲ್ಲ.

ಆದರೂ ಮನುಷ್ಯರು ಮುಳುಗುವಾಗ ಹುಲ್ಲುಕಡ್ಡಿಯನ್ನೂ ಬಿಡುವುದಿಲ್ಲ. ಒಬ್ಬರು ಹುಟ್ಟಿಸಿ ಹೇಳಿದರೆ ಬೇರೆ ಊರಿನವರಿಗೆ ಅದೇ ಹೆಸರು ಹೇಗೆ ಬಂತು? ದಾದಿಮಾ ಹುಟ್ಟಿಸಿದ್ದಲ್ಲ, ಎಲ್ಲೋ ಕೇಳಿದ್ದನ್ನೇ ಮರೆತು ತಮ್ಮದು ಅಂದುಕೊಂಡಿರಬೇಕು. ವೃಂದಾ ತಟ್ಟನೆ ತಡಸದ ಗುರುಶಾಂತವ್ವನ ಕಡೆ ತಿರುಗಿದಳು. ನಲವತ್ತೈದರ ಗಟ್ಟಿ ಹೆಂಗಸು, ಊರಲ್ಲಿ ಕೌದಿ ಹೊಲಿಯುವುದರಲ್ಲಿ ಹೆಸರಾದವಳು.

“ನೀವು ಹೇಳ್ರಿ ಗುರುಶಾಂತವ್ವಾರ. ನಿಮ್ಮೂರಾಗ ಇದಕ್ಕ ಗುಲ್‌ಬದನ್ ಅಂತೀರಲ್ರಿ?”

“ಅಂತೇವ್ರಿ,” ಅಂದಳು ಗುರುಶಾಂತವ್ವ. ವೃಂದಾ ಉಸಿರು ಬಿಟ್ಟಳು. “ಈಗ ಅಂತೇವಿ. ನೀವು ಬಂದು ಹೇಳಿಕೊಟ್ಟ ಮ್ಯಾಲೆ.”

ಈ ಸಲ ಯಾರೂ ನಗಲಿಲ್ಲ. ಗುರುಶಾಂತವ್ವ ತಾನೇನು ತಪ್ಪಾಡಿದೆ ಅಂತ ತಿಳಿಯದೆ ಬಿಡಿಸಿ ಹೇಳಿದಳು. ಈ ಅಕ್ಕಾರು ಪಟ್ಟಿ ತಗೊಂಡು ಬಂದಿದ್ದರು. ಇದಕ್ಕೆ ಗುಲ್‌ಬದನ್ ಅಂತಾರಲ್ರಿ ಅಂತ ಓದಿದರು. ಇಷ್ಟು ಓದಿದವರು ಹೇಳಿದ ಮೇಲೆ ಇದ್ದೀತು, ನಮಗೇ ಗೊತ್ತಿಲ್ಲದೆ ಹೋಯಿತಲ್ಲ ಅಂದುಕೊಂಡು ನಾವು ಹೌದು ಅಂದೆವು. ಅವರು ಹೋದ ಮೇಲೆ ಓಣಿಯವರಿಗೂ ಹೇಳಿದೆವು. ಈಗ ಸಣ್ಣ ಹುಡುಗಿಯರೂ ಗುಲ್‌ಬದನ್ ಹಾಕು ಅಂತಾವೆ. ಚಿಕ್ಕೇರೂರಿನವರು, ಹಾನಗಲ್ಲಿನವರು ತಲೆ ಅಲ್ಲಾಡಿಸಿದರು. ನಮ್ಮಲ್ಲೂ ಹಂಗ ಆತ್ರಿ, ಅಂದರು.

ಪರದೆಯ ಮೇಲೆ ನಾಲ್ಕು ತಾಲ್ಲೂಕಿನ ನಕಾಶೆ ಇನ್ನೂ ಒಂದೇ ಬಣ್ಣದಲ್ಲಿ ಹೊಳೆಯುತ್ತಿತ್ತು. ಆ ಬಣ್ಣ ಸವಣೂರಿನಿಂದ ತಡಸಕ್ಕೆ, ತಡಸದಿಂದ ದುಂಡಸಿಗೆ, ಹಾನಗಲ್ಲಿಗೆ, ಚಿಕ್ಕೇರೂರಿಗೆ ಹೋದ ದಾರಿ ವೃಂದಾಳದೇ ಬಸ್ಸಿನ ದಾರಿ. ಅವಳು ಹುಡುಕಿದ್ದು ನೂರಾರು ವರ್ಷದ ಭಾಷೆಯನ್ನಲ್ಲ, ತನ್ನದೇ ಹೆಜ್ಜೆಯನ್ನು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಗಿತ್ತು ಅವಳ ಸಂಶೋಧನೆ.

ಯಾಕೆ ಹೀಗಾಯಿತು ಅನ್ನುವುದೂ ಅವಳಿಗೆ ಅಲ್ಲೇ ನಿಂತಲ್ಲೇ ಹೊಳೆಯಿತು, ಅದು ಇನ್ನೂ ಕೆಟ್ಟದಾಗಿತ್ತು. ಅವಳ ಮನೆಯಲ್ಲಿ ಪಾಠ ಹೇಳುವ ರೀತಿಯೇ ಹಾಗೆ. ಅಜ್ಜ ಒಂದು ಸಾಲು ಹೇಳುವುದು, ಮಕ್ಕಳು ಎರಡು ಸಲ ತಿರುಗಿ ಹೇಳುವುದು. ತಿರುಗಿ ಹೇಳಿದರೆ ಬಂತು ಅಂತ ಅರ್ಥ. ಅದೇ ರೂಢಿಯಲ್ಲಿ ಅವಳು ಹಳ್ಳಿಗೆ ಹೋಗಿ ತಾನು ಮೊದಲು ಹೇಳಿದ್ದಳು, ಅವರು ತಿರುಗಿ ಹೇಳಿದ್ದರು. ಕೇಳುವುದು ಅಂದರೇನು ಅಂತ ಅವಳಿಗೆ ಯಾರೂ ಕಲಿಸಿರಲಿಲ್ಲ, ಇಷ್ಟು ದೊಡ್ಡ ಮನೆತನದಲ್ಲಿ!

ಸಭೆ ಹೇಗೆ ಮುಗಿಯಿತೋ ಅವಳಿಗೆ ಗೊತ್ತಿಲ್ಲ. ಯಾರೋ ಚಹಾ ಕೊಟ್ಟರು. ಹೆಣ್ಣುಮಕ್ಕಳು ಕೌದಿ ಮಡಿಚಿಕೊಂಡು, ಅಕ್ಕಾರಿಗೆ ಏನೋ ಆಗೈತಿ ಅಂತ ಪಿಸುಗುಟ್ಟುತ್ತ ಹೋದರು.

ಮರುದಿನ ಮಧ್ವೇಶ ಸರ್ ಅವಳನ್ನು ಕೋಣೆಗೆ ಕರೆದರು. ಅವರ ಮುಖದಲ್ಲೂ ನಿದ್ದೆ ಇಲ್ಲದ ಕಳೆ. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ಚೀಟಿಯ ಮೇಲೆ ಒಂದೇ ಸಾಲು ಬರೆದು ಅವಳ ಕಡೆ ಸರಿಸಿದರು. ಮುಖ್ಯ ಮಾಹಿತಿದಾರರಿಗೆ ವಯೋಸಹಜ ಮರೆವು ಇರುವುದರಿಂದ ಸಭೆಯಲ್ಲಿ ಅವರು ಆಡಿದ ಮಾತುಗಳನ್ನು ಪರಿಗಣಿಸಲಾಗುವುದಿಲ್ಲ. ಇಷ್ಟನ್ನು ಕೋಶದ ಹಾಳೆಯಲ್ಲಿ ಬರೆದು ಮುದುಕಿಯ ಹೆಬ್ಬೆಟ್ಟು ತಂದರೆ ಸಾಕು, ಪ್ರಬಂಧ ಇದ್ದಂತೆಯೇ ಒಳಗೆ ಹೋಗುತ್ತದೆ. ತಡಸದವರ ಮಾತೋ, ಅದನ್ನು ಬರೆಯಲೇಬೇಕೆಂದು ಯಾರು ಹೇಳಿದರು?

ವೃಂದಾ ಚೀಟಿಯನ್ನೇ ನೋಡುತ್ತ ಕೂತಳು.

“ಆರು ವರ್ಷ ನೀ ಬಿಸಿಲಾಗ ಅಡ್ಡಾಡಿದ್ದು ನಾ ಕಣ್ಣಾರೆ ನೋಡೇನಿ,” ಅಂದರು ಸರ್. “ಒಂದು ಮ್ಯಾಕಿ ಸಲುವಾಗಿ ಅದನ್ನ ಬಿಟ್ಟು ಕೊಡ್ತೀಯೇನು? ಆಕಿಗೂ ಏನೂ ಲುಕ್ಸಾನ ಇಲ್ಲ. ಮರವು ಯಾರಿಗಿರಂಗಿಲ್ಲ ಆ ವಯಸ್ಸಿನಾಗ?”

ಅವರು ಕೆಟ್ಟವರಲ್ಲ. ಅವಳ ಬಗ್ಗೆ ಅವರಿಗೆ ಕಳಕಳಿ ಇತ್ತು. ತಮ್ಮ ಎಂಟು ಪುಟದ ಬಗ್ಗೆಯೂ ಇತ್ತು. ಎರಡೂ ಒಂದೇ ಚೀಟಿಯಲ್ಲಿ ಇದ್ದದ್ದರಿಂದ ಯಾವುದು ಎಷ್ಟು ಅಂತ ಬೇರೆ ಮಾಡಲು ಅವಳಿಗೆ ಆಗಲಿಲ್ಲ.

ಅಲ್ಲಿಂದ ಎದ್ದವಳು ನೇರ ನೆರವು ಕೋಶಕ್ಕೆ ನುಗ್ಗಿದಳು. ಸಿಟ್ಟು ನೆತ್ತಿಗೇರಿತ್ತು. ನೆರವು ಅಂತ ಹೆಸರಿಟ್ಟುಕೊಂಡು ಇದೇನು ನೆರವು ಮೇಡಂ, ನಿಮ್ಮ ಸಭೆ ಇಲ್ಲದಿದ್ದರೆ ನಾನು ಇವತ್ತು ಬೈಂಡಿಂಗಿಗೆ ಕೊಡುತ್ತಿದ್ದೆ ಅಂತ ಬಾಯಿಗೆ ಬಂದದ್ದು ಆಡಿದಳು. ಶಾಮಲಾ ಮೇಡಂ ಮೇಜಿನ ಮೇಲೆ ಹಳೆಯ ಸಭೆಗಳ ಹಾಳೆಗಳನ್ನೆಲ್ಲ ಹರಡಿಕೊಂಡಿದ್ದರು.

“ನಿನ್ನದಕ್ಕ ಮೊದಲ ಹತ್ತೊಂಬತ್ತು ಸಭಾ ಮಾಡೇನಿ ವೃಂದಾ,” ಅಂದರು. “ಹತ್ತೊಂಬತ್ತರಾಗೂ ಎಲ್ಲಾರೂ ಹೌದ್ರಿ, ಚಲೋ ಬರದಾರ್ರಿ ಅಂತ ಸಹಿ ಮಾಡಿ ಹೋಗ್ಯಾರ. ನಾ ಅದನ್ನ ದೊಡ್ಡ ಸಾಧನಾ ಅಂದ್ಕೊಂಡಿದ್ದೆ. ಈಗ ಒಂದೊಂದ ತೆಗದು ನೋಡಾಕತ್ತೇನಿ. ಅವರೂ ಎಲ್ಲಾ ನಾವು ಕರದೇವಿ ಅಂತ ಹೌದು ಅಂದಿದ್ರ ಏನು ಮಾಡಲಿ?”

ವೃಂದಾ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಹಾಳೆಯಲ್ಲಿ ನಡೆದದ್ದನ್ನು ಬರೆದು ತಂದರೆ ಮುದ್ರೆ ಹಾಕುತ್ತೇನೆ, ಅದು ನನ್ನ ಕೆಲಸ, ಅಂದರು ಮೇಡಂ. ಆದರೆ ಆ ಹಾಳೆಯ ಜೊತೆ ಈ ಪ್ರಬಂಧ ಹೋಗಲಾರದು ಎಂಬುದು ಇಬ್ಬರಿಗೂ ಗೊತ್ತಿತ್ತು. ಮೊದಲಿನಿಂದ ಬರೆಯಬೇಕು, ಬರೆಯಲು ಹತ್ತು ದಿನ ಸಾಲದು. ಸುಳ್ಳು ಬರೆದು ತಂದರೆ? ಅದನ್ನು ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ.

ಇನ್ನೂ ಎರಡು ದಿನ ಒದ್ದಾಡಿ ವೃಂದಾ ಸವಣೂರಿಗೆ ಹೋದಳು. ಚೀಲದಲ್ಲಿ ಕೋಶದ ಎರಡು ಹಾಳೆ. ಒಂದರ ಮೇಲೆ ಸರ್ ಕೊಟ್ಟ ಸಾಲನ್ನು ತನ್ನ ಅಂದವಾದ ಅಕ್ಷರದಲ್ಲಿ ಬರೆದಿದ್ದಳು, ಇನ್ನೊಂದು ಖಾಲಿ. ಅದನ್ನು ಯಾಕೆ ಇಟ್ಟುಕೊಂಡೆ ಅಂತ ಕೇಳಿದರೆ, ಬರೆಯುವಾಗ ತಪ್ಪಾದರೆ ಇರಲಿ ಅಂತ, ಅಂದಾಳು. ಬಸ್ಸಿನಲ್ಲಿ ಅವಳು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಒಂದು ಸಾಲು. ಯಾರು ಓದುತ್ತಾರೆ? ಮುದುಕಿಗೆ ಅದರಿಂದ ಏನು ಆಗಬೇಕಾಗಿದೆ? ಅವ್ವನಿಗೆ ಇನ್ನೂ ಏನೂ ಹೇಳಿರಲಿಲ್ಲ.

ಪಡಸಾಲೆಯಲ್ಲಿ ಇನಾಯತ ಎಲೆ ಎಣಿಸಿ ಕಟ್ಟು ಕಟ್ಟುತ್ತಿದ್ದ. ಅಖ್ತರುನ್ನೀಸಾ ಅವಳನ್ನು ಕಂಡದ್ದೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. ಸಭೆಯಿಂದ ಬಂದ ಮೇಲೆ ಅವರಿಗೆ ಊಟ ಸೇರಿಲ್ಲವಂತೆ. ಆ ಹುಡುಗಿಯ ಮುಖ ನೀನು ನೋಡಬೇಕಿತ್ತು, ನಾನು ಬಾಯಿ ಬಿಟ್ಟು ಅವಳ ಬಾಳು ಕೆಡಿಸಿದೆ ಅಂತ ಮಗನ ಮುಂದೆ ಮತ್ತೆ ಮತ್ತೆ ಅಂದುಕೊಂಡು ಅತ್ತಿದ್ದರಂತೆ. ಕೂರಿಸಿದರು, ನೀರು ಕೊಟ್ಟರು, ತಿನ್ನಲು ತಟ್ಟೆ ತುಂಬ ತಂದಿಟ್ಟರು. ವೃಂದಾ ಒಂದನ್ನೂ ಮುಟ್ಟಲಿಲ್ಲ. ಹಾಳೆ ತೆಗೆದು, ತಲೆ ಎತ್ತದೆ, ಬರೆದದ್ದನ್ನು ಓದಿದಳು. ವಯೋಸಹಜ ಮರೆವು ಅಂದರೇನು ಅಂತ ಅವರು ಕೇಳಿದರು. ಅವಳು ಬಿಡಿಸಿ ಹೇಳಿದಳು.

ಅಖ್ತರುನ್ನೀಸಾ ಅವರ ಮುಖ ಅರಳಿತು. “ಅಷ್ಟ ಹೌದಿಲ್ಲೋ? ಅಷ್ಟರಿಂದ ನಿನ್ನ ಕೆಲಸ ಆಗತೈತೇನು? ಹಂಗಾರ ಬರಿ. ಮರವು ಐತಿ ಅಂತ ಬರಿ. ಸಾಲದಿದ್ರ ತಲಿ ಕೆಟ್ಟೈತಿ ಅಂತ ಬರಿ ಬೇಟಿ. ಎಲ್ಲಿ ಒತ್ತಲಿ?”

ಅಷ್ಟು ಹೇಳಿ ಹೆಬ್ಬೆಟ್ಟು ಮುಂದೆ ಚಾಚಿದರು. ಇನಾಯತ ಎಣಿಸುವುದನ್ನು ನಿಲ್ಲಿಸಿದ. ವೃಂದಾಳನ್ನು ನೋಡಿದ.

ವೃಂದಾಳಿಗೆ ಸಭೆಯಲ್ಲಿ ಆದದ್ದು ಏನೂ ಅಲ್ಲ ಅನ್ನಿಸುವಂಥ ಗಾಬರಿಯಾಯಿತು. ಈ ಮುದುಕಿ ಕೇಳಿದ್ದನ್ನೆಲ್ಲ ಕೊಡುತ್ತಾಳೆ. ಹೆಸರು ಕೇಳಿದೆ, ಕೊಟ್ಟಳು. ಈಗ ಅವಳ ತಲೆಯನ್ನೇ ಕೇಳುತ್ತಿದ್ದೇನೆ, ಎಲ್ಲಿ ಒತ್ತಲಿ ಅನ್ನುತ್ತಿದ್ದಾಳೆ. ಛೀ, ನಾನೆಂಥ ಹೆಣ್ಣು! ಆ ಸುಕ್ಕುಗಟ್ಟಿದ ಬೆರಳನ್ನು ಅವಳು ತನ್ನ ಕೈಯಿಂದ ಹಿಂದಕ್ಕೆ ಸರಿಸಿದಳು. ಹಾಳೆ ಮಡಿಚಿ ಚೀಲಕ್ಕೆ ಹಾಕಿದಳು.

ಆಮೇಲೆ ಖಾಲಿ ಹಾಳೆ ತೆಗೆದು ಅಲ್ಲೇ ಕೂತು ಬರೆಯತೊಡಗಿದಳು. ಮೂವತ್ತೊಂದು ಹೆಸರುಗಳು ನಿಜವಾಗಿ ಇಲ್ಲ. ಮೊದಲ ಭೇಟಿಯಲ್ಲೇ ಅಖ್ತರುನ್ನೀಸಾ ಇದನ್ನು ಹೇಳಿದ್ದರು, ನಾನು ಬರೆದುಕೊಳ್ಳಲಿಲ್ಲ. ಉಳಿದ ಊರುಗಳಿಗೆ ಆ ಹೆಸರುಗಳನ್ನು ನಾನೇ ಒಯ್ದು ಹೇಳಿಕೊಟ್ಟೆ. ಪ್ರಬಂಧದ ಮುಖ್ಯ ನಿಲುವು ಇದರಿಂದ ಬಿದ್ದು ಹೋಗುತ್ತದೆ. ಬರೆಯುತ್ತ ಬರೆಯುತ್ತ ಕೈ ಹಗುರಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಬರೆದು ಮುಗಿಸಿ, ನಿಯಮದಂತೆ ಗಟ್ಟಿಯಾಗಿ ಓದಿ ಹೇಳಿದಳು.

ಅಖ್ತರುನ್ನೀಸಾ ಪೂರ್ತಿ ಕೇಳಿದರು. ಇದನ್ನು ಕೊಟ್ಟರೆ ನಿನ್ನ ಓದು ಏನಾಗುತ್ತದೆ ಅಂತ ಕೇಳಿದರು. ಈ ಸಲಕ್ಕೆ ಹೋಗುತ್ತದೆ ದಾದಿಮಾ, ಅಂದಳು ವೃಂದಾ. ಮತ್ತೆ ಮೊದಲಿನಿಂದ. ಸಿಕ್ಕರೆ.

ಮುದುಕಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

“ಇದಕ್ಕ ನಾ ಒತ್ತಂಗಿಲ್ಲ.”

ವೃಂದಾಳಿಗೆ ಕೇಳಿದ್ದು ನಂಬಿಕೆಯಾಗಲಿಲ್ಲ. ಇದು ನಿಜ ದಾದಿಮಾ, ನೀವೇ ಸಭೆಯಲ್ಲಿ ಹೇಳಿದ್ದು, ಅಂದಳು. ಕೈ ಹಿಡಿದಳು. ಅವರು ಬಿಡಿಸಿಕೊಂಡರು.

“ಖರೇ ಇರಲಿ, ಏನರ ಇರಲಿ. ನೀ ಏನ ಕೇಳಿದ್ರೂ ಕೊಟ್ಟೇನಿ, ಇದನ್ನ ಕೊಡಂಗಿಲ್ಲ. ನಿನ್ನ ಬಾಯಿಗೆ ಮಣ್ಣು ಹಾಕಾಕ ನನ್ನ ಬೆರಳು ಕೇಳತೀಯೇನು? ಇಲ್ಲ ಅಂದ್ರ ಇಲ್ಲ.”

ಇನಾಯತ ಬೆರಗಾಗಿ ತಾಯಿಯನ್ನೇ ನೋಡುತ್ತಿದ್ದ. ಈ ಮನೆಯ ಹೊಸ್ತಿಲಲ್ಲಿ ಅವರು ಯಾರಿಗೂ ಹೀಗೆ ಅಂದದ್ದನ್ನು ಅವನು ಕೇಳಿರಲಿಲ್ಲ. ಆರು ವರ್ಷದಲ್ಲಿ ನಾಲ್ಕು ತಾಲ್ಲೂಕು ತಿರುಗಿ ವೃಂದಾ ಎಷ್ಟು ಹೌದು ಕೂಡಿಸಿದ್ದಳೋ ಲೆಕ್ಕವಿಲ್ಲ. ಅದರಲ್ಲಿ ಒಂದಕ್ಕೂ ಈ ‘ಇಲ್ಲ’ಕ್ಕೆ ಇದ್ದಷ್ಟು ತೂಕ ಇರಲಿಲ್ಲ. ಅವಳಿಗೆ ಅಳು ಒತ್ತರಿಸಿ ಬಂತು, ತಡೆಯಲಿಲ್ಲ, ಮುದುಕಿಯ ಮುಂದೆಯೇ ಅತ್ತಳು. ಅಖ್ತರುನ್ನೀಸಾ ಸೆರಗಿನಿಂದ ಅವಳ ಕಣ್ಣು ಒರೆಸಿದರು, ಆದರೆ ಹೆಬ್ಬೆಟ್ಟನ್ನು ಮಾತ್ರ ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡೇ ಒರೆಸಿದರು.

ಸ್ವಲ್ಪ ಹೊತ್ತಾದ ಮೇಲೆ ವೃಂದಾ ಮೂಗು ಒರೆಸಿಕೊಂಡು ಹಾಳೆಯನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡಳು. ಹೆಬ್ಬೆಟ್ಟಿಗೆ ಅಂತ ಬಿಟ್ಟ ಜಾಗದಲ್ಲಿ ಮೂರು ಸಾಲು ಬರೆದಳು, ಕೆಳಗೆ ತನ್ನ ಸಹಿ ಹಾಕಿದಳು.

“ಏನ ಬರದಿ?” ಅಖ್ತರುನ್ನೀಸಾ ಅನುಮಾನದಿಂದ ಕೇಳಿದರು.

ವೃಂದಾ ಓದಿದಳು. ಅಖ್ತರುನ್ನೀಸಾ ಅವರು ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ. ಒತ್ತಿದರೆ ನನ್ನ ಓದು ಕೆಡುತ್ತದೆ ಎಂಬುದೇ ಅವರು ಕೊಟ್ಟ ಕಾರಣ. ಅವರಿಗೆ ಮರೆವು ಇಲ್ಲ.

ಮುದುಕಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. “ಹಾಯ್ ಅಲ್ಲಾ, ನಾ ಇಲ್ಲ ಅಂದದ್ದನ್ನೂ ಬರಕೊಂಡ್ಯಾ?”

“ಬರಕೊಂಡೆ ದಾದಿಮಾ.”

ಅವರು ಹಾಳೆ ಕಸಿದುಕೊಳ್ಳಲು ಕೈ ಚಾಚಿದರು. ವೃಂದಾ ಅದನ್ನು ಚೀಲಕ್ಕೆ ಸೇರಿಸಿ ಎದ್ದು ಅವರ ಕಾಲು ಮುಟ್ಟಿದಳು. ಪ್ರಬಂಧ ಹೋದರೂ ನಡೆದದ್ದನ್ನು ಶಾಮಲಾ ಮೇಡಂ ಕೈಗೆ ಒಪ್ಪಿಸಲು, ಕೋಶದ ಬಾಗಿಲು ಹಾಕುವುದರೊಳಗೆ ಹಾನಗಲ್ಲು ತಲುಪಬೇಕಿತ್ತು. ಹಿಂದಿನಿಂದ ಅಖ್ತರುನ್ನೀಸಾ ಇನಾಯತನನ್ನು ಕೂಗುತ್ತಿದ್ದರು, ಆಕಿನ್ನ ಹಿಡಿಯೋ, ಬಸ್ಸು ಹತ್ತಾಕ ಬಿಡಬ್ಯಾಡೋ ಅಂತ. ಇನಾಯತ ಎದ್ದು ಹೊಸ್ತಿಲ ತನಕ ಬಂದು ಅಲ್ಲೇ ನಿಂತ.